ಗಾಳಿಮಡಿ

ನಮ್ಮ ಮನೆಯಲ್ಲಿ ಎರಡು ಥರದ ಮಡಿ ಇದ್ದವು. ಒಂದು ದೇವರಿಗೆ. ಅದನ್ನು ಅವ್ವ ಸೋಮವಾರಕ್ಕೊಮ್ಮೆ, ಅದೂ ನೆನಪಾದರೆ, ಹಿಡಿಯುತ್ತಿದ್ದಳು. ಇನ್ನೊಂದು ಗಾಳಿಗೆ. ದೇವರ ಮಡಿಯಲ್ಲಿ ಮೈ ತೊಳೆದು, ಊದಿನಕಡ್ಡಿ ಹಚ್ಚಿ, ಹೂ ಮುಡಿದು ಘಮಘಮ ಅನ್ನಬೇಕು. ಗಾಳಿಮಡಿಯಲ್ಲಿ ಎಲ್ಲ ತಿರುವುಮುರುವು. ಸೋಪು ಮುಟ್ಟುವ ಹಾಗಿಲ್ಲ, ತಲೆಗೆ ಎಣ್ಣೆ ಇಲ್ಲ, ಊದಿನಕಡ್ಡಿ ಇಲ್ಲ, ಒಲೆಯ ಮೇಲೆ ಒಗ್ಗರಣೆ ಚಟಪಟ ಅನ್ನುವ ಹಾಗಿಲ್ಲ. ಮನೆಯ ವಾಸನೆಯ ಒಂದೆಳೆ ಸಿಕ್ಕರೂ ಗಾಳಿ ಅದನ್ನು ನೇರವಾಗಿ ಒಯ್ದು ಚಿಗರಿಯ ಮೂಗಿಗೆ ಮುಟ್ಟಿಸುತ್ತದೆ ಎಂಬುದು ಅಪ್ಪನ ಅಪ್ಪ ಹೇಳಿಹೋದ ಮಾತು. ಚಿಗರಿ ಅಂದರೆ ನಮ್ಮ ಸುರಪುರದ ಕಡೆ ಜಿಂಕೆ. ಅಜ್ಜ ಬೇಟೆಗಾರ. ನಾನು ಅವನನ್ನು ಕಂಡವಳಲ್ಲ. ಅಪ್ಪನೂ ಅವನ ಜೊತೆ ಬೇಟೆಗೆ ಹೋದವನಲ್ಲ. ಅಪ್ಪನಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಸರ್ಕಾರ ಬೇಟೆ ನಿಲ್ಲಿಸಿತ್ತು. ಬಂದೂಕು ಹೋಯಿತು, ಚಿಗರಿಗಳು ಹೋದವು, ಮನೆಯಲ್ಲಿ ಉಳಿದದ್ದು ಈ ಒಂದು ಪದ. ಬೇರೆಯವರ ಅಪ್ಪಂದಿರು ಊರಿನಿಂದ ಉಪ್ಪಿನಕಾಯಿ ತಂದರು, ನನ್ನಪ್ಪ ಅಬುಧಾಬಿಗೆ ಗಾಳಿಮಡಿಯನ್ನು ತಂದ.

ನಾವಿದ್ದದ್ದು ಖಲೀಫಾ ಸಿಟಿಯ ವಿಲ್ಲಾಗಳ ಸಾಲು ಮುಗಿದ ಮೇಲೆ ಬರುವ ಒಂದು ದೊಡ್ಡ ತೋಟದಲ್ಲಿ. ತೋಟ ಅಂದರೆ ತೆಂಗು ಮಾವು ಅಂದುಕೊಳ್ಳಬೇಡಿ. ಎತ್ತರದ ಗೋಡೆ, ಗೋಡೆಯೊಳಗೆ ಕಣ್ಣು ಹಾಯುವಷ್ಟು ದೂರ ಮರಳು, ಅಲ್ಲೊಂದು ಇಲ್ಲೊಂದು ಗಾಫ್ ಮರ. ಗಾಫ್ ಅಂದರೆ ನಮ್ಮ ಬನ್ನಿಮರವೇ; ಅದು ಗೊತ್ತಾದ ವರ್ಷದಿಂದ ಅವ್ವ ದಸರೆಗೆ ಅದರ ಎಲೆಯನ್ನೇ ಬಂಗಾರವೆಂದು ನಮ್ಮ ಕೈಗೆ ಕೊಡುತ್ತಿದ್ದಳು. ಆ ಮರಗಳ ನೆರಳಿನಲ್ಲಿ ಮರಳ ಬಣ್ಣದ ಚಿಗರಿಗಳ ಹಿಂಡು. ತೋಟದ ಯಜಮಾನರನ್ನು ಎಲ್ಲರೂ ಅರ್ಬಾಬ್ ಅನ್ನುತ್ತಿದ್ದರು. ಅವರು ಆಗಾಗ ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ಬಂದು, ಚಿಗರಿ ನೋಡಿ, ಊಟ ಮಾಡಿ ಹೋಗುತ್ತಿದ್ದರು. ಆ ಹಿಂಡಿಗೆ ಮೇವು ನೀರು ನೋಡುವವನು ನನ್ನಪ್ಪ ಹಣಮಂತ. ಅಬುಧಾಬಿ ಅಂದರೆ ಅರಬಿಯಲ್ಲಿ ಚಿಗರಿಯ ಅಪ್ಪ ಎಂದು ಅರ್ಥವಂತೆ. ಅದಕ್ಕೇ ತೋಟದವರೆಲ್ಲ ತಮಾಷೆಗೆ ಅಪ್ಪನನ್ನು ಅಬುಧಾಬಿ ಎಂದೇ ಕರೆಯುತ್ತಿದ್ದರು. ನಮ್ಮಪ್ಪನ ಹೆಸರನ್ನೇ ಊರಿಗೆ ಇಟ್ಟಿದ್ದಾರೆ ಎಂದು ನಾನು ಶಾಲೆಯಲ್ಲಿ ಜಂಬ ಕೊಚ್ಚಿ ಏಟು ತಿಂದದ್ದೂ ಉಂಟು.

ಮೇವಿನ ಶೆಡ್ಡಿನ ಹಿಂದೆ ನಮ್ಮ ಎರಡು ಕೋಣೆಗಳು. ನನ್ನ ಮೂಗು ಅವ್ವನ ಮೂಗಿನಂತೆ ದೊಡ್ಡದು, ನಾನು ಆ ಮನೆಯನ್ನು ಕಣ್ಣಿಗಿಂತ ಮೂಗಿನಿಂದಲೇ ಹೆಚ್ಚು ನೆನೆಯುತ್ತೇನೆ. ಮುಂದಿನ ಕೋಣೆಗೆ ಜತ್ ಎಂಬ ಒಣಮೇವಿನ ಸಿಹಿ ವಾಸನೆ, ಏಸಿಯ ತಣ್ಣನೆ ಧೂಳಿನ ವಾಸನೆ, ಅಪ್ಪನ ಬೆವರಿನದು. ಹಿಂದಿನದು ಅಡುಗೆಮನೆ. ಅಲ್ಲಿ ಬೆಳ್ಳುಳ್ಳಿ, ಕರಿಬೇವು, ಸುಟ್ಟ ಒಣಮೆಣಸಿನಕಾಯಿ. ಅಡುಗೆಮನೆಯ ಬಾಗಿಲು ತೆರೆದರೆ ಒಂದು ಸಣ್ಣ ಅಂಗಳ, ಅಂಗಳ ದಾಟಿದರೆ ಮರಳು. ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಎದ್ದು, ಅವ್ವನ ಒಗ್ಗರಣೆಯನ್ನು ಹೊತ್ತು ಆ ಬಾಗಿಲಿನಿಂದ ಮರಳಿನ ಕಡೆಗೆ ಹೋಗುತ್ತಿತ್ತು. ತಲೆಯ ಮೇಲೆ ವಿಮಾನಗಳು ಹೊಟ್ಟೆ ತೋರಿಸಿಕೊಂಡು ಇಳಿಯುತ್ತಿದ್ದವು, ಏರುತ್ತಿದ್ದವು. ಅವ್ವ ಪ್ರತಿ ವಿಮಾನಕ್ಕೂ ತಲೆಯೆತ್ತಿ ನೋಡಿ, ಬಂದವರೋ ಹೋದವರೋ ಎಂದು ಕೇಳುತ್ತಿದ್ದಳು. ಬಂದವರು ಎಂದರೆ ಅವಳಿಗೆ ಸಮಾಧಾನ.

ಆ ಅಡುಗೆಮನೆಗೆ ಸಾಸ್ವಿ ಬಂದದ್ದು ಅವ್ವನ ಕೆಟ್ಟ ಕಾಲದಲ್ಲಿ. ನನ್ನ ಬೆನ್ನಿಗೆ ಹುಟ್ಟಬೇಕಿದ್ದ ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಅತ್ತದ್ದೂ ಕೇಳಿಸದೆ ಹೋಗಿತ್ತು. ನನಗಿಂತ ಮುಂಚೆ ಊರಿನಲ್ಲೂ ಒಂದು ಹಾಗೇ ಹೋಗಿತ್ತಂತೆ. ಆಸ್ಪತ್ರೆಯಿಂದ ಬಂದ ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅದೇ ವಾರ ಹಿಂಡಿನಲ್ಲಿ ಒಂದು ತಾಯಿ ಚಿಗರಿ ಸತ್ತಿತು. ಅಪ್ಪ ಅದರ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ. ಎರಡು ಕೈ ಸೇರಿಸಿದರೆ ಅದರೊಳಗೆ ಕೂರುವಂಥ ಗಂಡುಮರಿ, ಮೂಗಿನ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಆಡಿನ ಹಾಲು ತರಲು ಹೋದವನು ಇನ್ನೂ ಬಂದಿರಲಿಲ್ಲ, ಮರಿ ಬಾಯಿ ಬಿಡುತ್ತಿತ್ತು. ಅವ್ವನ ಎದೆ ಹಾಲು ಕಟ್ಟಿಕೊಂಡು ಕಲ್ಲಾಗಿತ್ತು. ಅವಳು ಎದ್ದು ಕೂತು, ನಮ್ಮ ಕಡೆ ಬೆನ್ನು ಮಾಡಿ, ಒಂದು ಬಾಟಲಿಗೆ ಹಿಂಡಿಕೊಟ್ಟಳು. ಅಪ್ಪ ಅದನ್ನು ಮರಿಯ ಬಾಯಿಗಿಟ್ಟ. ಆಡಿನ ಹಾಲು ಬಂದ ಮೇಲೂ ಅವ್ವ ಕೆಲವು ದಿನ ಹಿಂಡಿದಳು. ಈ ವಿಷಯ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿಲ್ಲ, ನಾನೂ ಇಲ್ಲಿಯೇ ಮೊದಲು ಬರೆಯುತ್ತಿರುವುದು.

ಸಾಸ್ವಿ ಎಂದು ಹೆಸರಿಟ್ಟವಳೂ ಅವಳೇ. ಅದು ಒಲೆಯ ಪಕ್ಕ ಗೋಣಿಚೀಲದ ಮೇಲೆ ಬೆಳೆಯಿತು. ಅವ್ವ ಮೊದಲು ಒಗ್ಗರಣೆ ಹಾಕಿ ಬೇಳೆ ಇಳಿಸುವಳು, ಆಮೇಲೆ ಅದೇ ಒಲೆಯ ಮೇಲೆ ಹಾಲು ಬೆಚ್ಚಗೆ ಮಾಡುವಳು. ಹಾಗಾಗಿ ಎಣ್ಣೆಯಲ್ಲಿ ಸಾಸಿವೆ ಸಿಡಿದರೆ ಹಾಲು ಬಂತೆಂದೇ ಅದರ ಲೆಕ್ಕ. ಎಲ್ಲಿದ್ದರೂ ಗೊರಸು ಜಾರಿಸಿಕೊಂಡು ಓಡಿಬಂದು, ಅವ್ವನ ಸೆರಗಿನ ತುದಿ ಬಾಯಲ್ಲಿಟ್ಟು ಚೀಪುತ್ತ ನಿಲ್ಲುತ್ತಿತ್ತು. ಆ ಸೆರಗಿಗೆ ದಿನವೂ ಕೈ ಒರೆಸಿದ ಬೆಳ್ಳುಳ್ಳಿ ಇಂಗಿನ ವಾಸನೆ. ನಾನು ಶಾಲೆಯಿಂದ ಬಂದು ಬ್ಯಾಗು ಎಸೆದು, ಸಾಸ್ವಿ ಮೂವ್, ದಟ್ಸ್ ಮೈ ಪ್ಲೇಸ್ ಎಂದು ಜಗಳಕ್ಕೆ ಇಳಿಯುತ್ತಿದ್ದೆ. ಅವ್ವ ಮಾತ್ರ ನಗುತ್ತಿದ್ದಳು. ಅವಳು ನಗುವುದನ್ನು ನೋಡಿ ಅಪ್ಪ ಬಾಗಿಲಲ್ಲೇ ನಿಂತುಬಿಡುತ್ತಿದ್ದ.

ಆದರೆ ಕೈಯಿಂದ ಹಾಲು ಕುಡಿದು ಬೆಳೆದ ಗಂಡು ಚಿಗರಿಗೆ ಒಂದು ಶಾಪವಿದೆ. ಅದಕ್ಕೆ ಮನುಷ್ಯರ ಭಯ ಇರುವುದಿಲ್ಲ. ಕೊಂಬು ಬಂದು ಮದ ಏರಿದಾಗ ಅದು ಮನುಷ್ಯರನ್ನೂ ತನ್ನ ಜಾತಿಯ ಇನ್ನೊಂದು ಗಂಡು ಎಂದೇ ತಿಳಿದು ಕಾದಾಡಲು ಬರುತ್ತದೆ. ಅಪ್ಪನಿಗೆ ಇದು ಗೊತ್ತಿತ್ತು. ಕೊಂಬು ಗೇಣುದ್ದ ಆದಾಗಲೇ ಅದನ್ನು ಹಿಂಡಿಗೆ ಬಿಟ್ಟ, ಅವ್ವ ಎರಡು ಹೊತ್ತು ಊಟ ಬಿಟ್ಟಳು. ಮುಂದಿನ ಚಳಿಗಾಲದಲ್ಲಿ ಒಂದು ದಿನ ಅರ್ಬಾಬರ ಪುಟ್ಟ ಮೊಮ್ಮಗಳು ಖರ್ಜೂರ ಹಿಡಿದು ಬೇಲಿಯೊಳಗೆ ಹೋದಳು. ಸಾಸ್ವಿ ತಲೆ ತಗ್ಗಿಸಿ ಅವಳ ತೊಡೆಗೆ ಇರಿಯಿತು. ಹುಡುಗಿ ಬದುಕಿದಳು, ಹೊಲಿಗೆ ಬಿದ್ದವು. ಕೆಲಸದವರು ಕೂಗಾಡಿ, ಜೀಪು ಹತ್ತಿ ಸಾಸ್ವಿಯನ್ನು ಅಟ್ಟಿದರು. ಅದು ತಂತಿ ಹಾರಿ ತೋಟದ ದೂರದ ಮರಳಿಗೆ ಓಡಿತು. ಹುಟ್ಟಿದಾರಭ್ಯ ಇಲ್ಲದ ಭಯ ಅದಕ್ಕೆ ಆ ಒಂದು ದಿನದಲ್ಲಿ ಬಂತು. ಆಮೇಲೆ ಮನುಷ್ಯಾಕೃತಿ ದೂರದಲ್ಲಿ ಕಂಡರೂ ಸಾಕು, ಅದು ಧೂಳಾಗಿ ಹೋಗುತ್ತಿತ್ತು.

ತೋಟದ ಮ್ಯಾನೇಜರ್ ನಮ್ಮ ಅಂಗಳಕ್ಕೇ ಬಂದ. ಬೂಟು ಬಿಚ್ಚದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಆ ಬೂಟುಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

“ಶುಕ್ರವಾರ ಅರ್ಬಾಬ್ ಫ್ಯಾಮಿಲಿ ಆಯೇಗಾ,” ಎಂದ. “ಉಸ್ಸೆ ಪೆಹಲೇ ವೋ ಜಾನ್ವರ್ ಖಲಾಸ್. ನಹೀ ತೋ ತುಮ್ ಖಲಾಸ್. ತುಮ್ಹಾರಾ ಘರ್ ಮೇ ಪಾಲಾ, ತುಮ್ ಸಂಭಾಲೋ.”

ಖಲಾಸ್ ಅಂದರೆ ಮುಗಿಸುವುದು: ಮನೆಯಲ್ಲಿ ಸಾಕಿದ್ದನ್ನು ಅಪ್ಪನೇ ಕೊಲ್ಲಬೇಕು, ಇಲ್ಲದಿದ್ದರೆ ಅಪ್ಪನ ಕೆಲಸ ಮುಗಿಯಿತು. ಗಲ್ಫಿನಲ್ಲಿ ಮನುಷ್ಯರನ್ನು ಕೆಲಸದಿಂದ ತೆಗೆಯುವುದಿಲ್ಲ, ಕ್ಯಾನ್ಸಲ್ ಮಾಡುತ್ತಾರೆ. ಅಪ್ಪನ ವೀಸಾ ಹೋದರೆ ಅದರ ಬಾಲ ಹಿಡಿದಿದ್ದ ನಮ್ಮ ವೀಸಾಗಳೂ ಹೋಗುತ್ತವೆ, ಆಸ್ಪತ್ರೆಯ ಕಾರ್ಡೂ ಹೋಗುತ್ತದೆ. ಬೇರೆ ಯಾವ ಕಾಲದಲ್ಲಾದರೂ ಅಪ್ಪ ಗಂಟುಮೂಟೆ ಕಟ್ಟುತ್ತಿದ್ದನೇನೋ, ಅವನೇನೂ ಗುಲಾಮ ಸ್ವಭಾವದವನಲ್ಲ. ಆದರೆ ಆಗ ಅವ್ವ ಮತ್ತೆ ಬಸಿರಿ, ಏಳು ತಿಂಗಳು ತುಂಬಿತ್ತು. ಹಿಂದಿನ ಎರಡರ ಕಥೆ ಕೇಳಿದ ಡಾಕ್ಟರಮ್ಮ ಅವಳ ಗರ್ಭಕ್ಕೆ ಹೊಲಿಗೆ ಹಾಕಿ, ಮಂಚ ಬಿಟ್ಟು ಇಳಿಯಬಾರದು, ವಿಮಾನದ ಮಾತೇ ಎತ್ತಬಾರದು, ಎತ್ತಿದರೆ ಈ ಕೂಸೂ ಉಳಿಯುವುದಿಲ್ಲ ಎಂದು ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದೆಂದು ಅವ್ವ ಆ ಸಲ ಒಂದು ತುಂಡು ಬಟ್ಟೆಯನ್ನೂ ತೆಗೆದಿಡಗೊಟ್ಟಿರಲಿಲ್ಲ. ಹಾಗಾಗಿ ಮ್ಯಾನೇಜರ್ ಹೊಸ್ತಿಲಲ್ಲಿ ನಿಂತು ಹೇಳಿದ್ದು ನಮ್ಮ ಮೂವರಿಗೂ ಒಂದೇ ಥರ ಕೇಳಿಸಿತು: ಸಾಸ್ವಿ ಅಥವಾ ಹೊಟ್ಟೆಯಲ್ಲಿರುವುದು.

ನಮಗಾಗಿ ಓಡಾಡಿದವರು ಲಾರೆನ್ಸ್ ಅಂಕಲ್ ಒಬ್ಬರೇ. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಅರ್ಬಾಬರ ಅತಿಥಿಗಳ ಅಡುಗೆಯ ಉಸ್ತುವಾರಿ ಅವರದು. ಸಂಜೆ ನಮ್ಮಲ್ಲಿ ಚಹಾ ಕುಡಿಯದೆ ಅವರಿಗೆ ದಿನ ಮುಗಿಯುತ್ತಿರಲಿಲ್ಲ. ವೈ ಕಾಂಟ್ ಹೀ ಗೋ ಟು ಅ ಝೂ ಎಂದು ನಾನು ಅತ್ತದ್ದಕ್ಕೆ ಅವರು ಎಲ್ಲೆಲ್ಲಿಗೋ ಫೋನ್ ಮಾಡಿದರು. ಒಮ್ಮೆ ಇರಿದ ಗಂಡನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರವೇ ಎಲ್ಲ ಕಡೆಯಿಂದ ಬಂತು. ಅವರು ಬರಿಗೈಯಲ್ಲಿ ಬಂದು, ಚಹಾದ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತರು.

ಪರವಾನಗಿಯಿದ್ದ ರೈಫಲ್ಲನ್ನು ಮ್ಯಾನೇಜರ್ ಬೆಳಿಗ್ಗೆ ಕೊಟ್ಟು ಸಂಜೆ ವಾಪಸು ಪಡೆಯುತ್ತಿದ್ದ. ರೋಗ ಬಿದ್ದ ಪ್ರಾಣಿಗಳನ್ನು ಹತ್ತಿರ ನಿಂತು ಮುಗಿಸುವುದಷ್ಟೇ ಅಪ್ಪನಿಗೆ ಗೊತ್ತಿದ್ದ ಗುರಿ. ಹಾಗಾಗಿ ಅವನು ಸಾಸ್ವಿಯ ಹತ್ತಿರ ಸೇರಲೇಬೇಕಿತ್ತು. ಹೇಗೆ ಸೇರುವುದು? ಆಗ ಅವನಿಗೆ ನೆನಪಾದದ್ದು ತಾನೆಂದೂ ನೋಡದ ಬೇಟೆಯ ಆ ಒಂದು ಪದ.

“ಇವತ್ತಿಂದ ಮನ್ಯಾಗ ಗಾಳಿಮಡಿ,” ಎಂದ. “ಒಗ್ಗರಣಿ ಬಂದ್. ಸಾಬೂನು ಬಂದ್. ಊದಿನಕಡ್ಡಿ ಬಂದ್. ತಲಿಗೆ ಎಣ್ಣಿ ಬಂದ್.”

“ಉಸರಾಡೋದರ ಇರ್ಲೋ, ಅದೂ ಬಂದೋ?” ಎಂದಳು ಅವ್ವ ಮಂಚದಿಂದ.

ಅವಳು ಹಾಸ್ಯ ಮಾಡಿದಳೆಂದು ನಾನು ನಕ್ಕೆ, ಇಬ್ಬರೂ ನನ್ನ ಕಡೆ ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ.

ಆ ದಿನಗಳ ಮನೆಯನ್ನು ಹೇಗೆ ವರ್ಣಿಸಲಿ, ಅದಕ್ಕೆ ವಾಸನೆಯೇ ಇರಲಿಲ್ಲ. ಅಪ್ಪ ಮಸಾಲೆಯ ಡಬ್ಬಿಗಳನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿಗೆ ಹಾಕಿದ. ಬಟ್ಟೆಗಳನ್ನು ಬರೀ ನೀರಿನಲ್ಲಿ ಜಾಲಿಸಿ ಗಾಫ್ ಮರಕ್ಕೆ ನೇತುಹಾಕಿದ. ತಾನು ಮೇವಿನ ಶೆಡ್ಡಿನಲ್ಲಿ ಮಲಗಿದ, ಮೈಕೈಗೆ ಚಿಗರಿಯ ಹಿಕ್ಕೆ ಉಜ್ಜಿಕೊಂಡ. ಅಡುಗೆಯ ಕೆಲಸ ನನ್ನ ಪಾಲಿಗೆ ಬಂತು. ಕುದಿಸಿದ ಅನ್ನ, ಕುದಿಸಿದ ಬೇಳೆ, ಉಪ್ಪು, ಖಲಾಸ್. ನಾನಾದರೂ ಶಾಲೆಯಲ್ಲಿ ಗೆಳತಿಯರ ಡಬ್ಬಿಗೆ ಕೈ ಹಾಕುತ್ತಿದ್ದೆ. ಅವ್ವನಿಗೆ ಬಸಿರಿನ ನಾಲಿಗೆ, ಖಾರದ ಒಗ್ಗರಣೆ ಇಲ್ಲದ ಒಂದು ತುತ್ತೂ ಒಳಗೆ ನಿಲ್ಲುತ್ತಿರಲಿಲ್ಲ. ತಿಂದದ್ದನ್ನು ತಿಂದ ಹಾಗೇ ಕಕ್ಕಿ, ದಿಂಬಿಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಒಂದು ಬೆಳಿಗ್ಗೆ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, ಒದೀತದೇನು ನೋಡು ರೇಣಿ, ಎಂದಳು. ನಾನು ಬಹಳ ಹೊತ್ತು ಇಟ್ಟುಕೊಂಡಿದ್ದೆ. ಏನೂ ತಿಳಿಯಲಿಲ್ಲ. ತಿಳಿಯಿತು ಎಂದು ಹೇಳಿದೆ. ಅವಳು ನಂಬಲಿಲ್ಲ.

ಅಪ್ಪ ಪ್ರತಿ ದಿನ ಬೆಳಗಿನ ಮಂಜಿನಲ್ಲಿ ಹೊಟ್ಟೆಯ ಮೇಲೆ ತೆವಳಿ ಹೋಗುತ್ತಿದ್ದ, ಪ್ರತಿ ದಿನ ಮಧ್ಯಾಹ್ನ ಮರಳು ತುಂಬಿದ ಕಣ್ಣಲ್ಲಿ ಬರುತ್ತಿದ್ದ. ಸಾಸ್ವಿ ತಲೆಯೆತ್ತಿ ಮೂಗು ಅರಳಿಸುತ್ತದಂತೆ, ಒಂದು ಗಳಿಗೆ ನಿಲ್ಲುತ್ತದಂತೆ, ಹಾರುತ್ತದಂತೆ. ಹಾಗೆ ಬಂದವನು ತಪ್ಪನ್ನು ಮನೆಯಲ್ಲಿ ಹುಡುಕುತ್ತಿದ್ದ. ಟೂತ್‌ಪೇಸ್ಟ್ ಯಾರು ಹಚ್ಚಿದರು? ನನ್ನ ಶಾಲೆಯ ಬಟ್ಟೆಗೆ ಕಂಫರ್ಟ್ ಹಾಕಿದ್ದು ಯಾರು? ಒಂದು ದಿನ ನನ್ನ ಬ್ಯಾಗಿನಲ್ಲಿ ಸ್ಟ್ರಾಬೆರಿ ವಾಸನೆಯ ರಬ್ಬರ್ ಸಿಕ್ಕಿ ಅದನ್ನು ಗೋಡೆಯಾಚೆ ಎಸೆದ. ನನ್ನಪ್ಪ ನನ್ನ ಮೇಲೆ ಕೂಗಿದವನಲ್ಲ. ನನಗೆ ರಬ್ಬರಿಗಿಂತ ಅವನ ಮುಖ ನೋಡಿ ಹೆದರಿಕೆಯಾಯಿತು.

“ಕುಣಿಯಕ ಬರದಾಕಿ ನೆಲ ಡೊಂಕ ಅಂದಳಂತ,” ಎಂದಳು ಅವ್ವ. “ಮೂಗಿಗಿಂತ ಮೂಗುತಿ ಭಾರ ಆಯ್ತು ನಿಮ್ಮ ಮಡಿ.”

“ಮತ್ತೇನ್ ಮಾಡ್ಲಿ ನಾ? ಹೇಳು, ಏನ್ ಮಾಡ್ಲಿ?” ಅಪ್ಪನ ದನಿ ಒಡೆಯಿತು. “ನಮ್ಮಪ್ಪ ಹೇಳಿದ್ದು ಇದೊಂದ. ಇನ್ನೇನೂ ಹೇಳದ ಹಂಗ ಹೋದ.”

ಲಾರೆನ್ಸ್ ಅಂಕಲ್ ಅವತ್ತು ಸಂಜೆಗೆ ಕಾಯದೆ ಮಧ್ಯಾಹ್ನವೇ ಬಂದಿದ್ದರು. ಚಹಾಕ್ಕೆ ಏಲಕ್ಕಿಯೂ ಇಲ್ಲದ ಕಾಲ. ಅವರಿಗೆ ಈ ಗಾಳಿಮಡಿಯ ಮೇಲೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ, ಅವತ್ತು ಬಾಯಿ ಬಿಟ್ಟೇ ಹೇಳಿದರು.

“ಹಣಮಂತಣ್ಣ, ಕೋಪ ಮಾಡ್ಬೇಡಿ. ನಮ್ಮ ಊರಲ್ಲಿ ಹಂದಿ ಹೊಡೀಲಿಕ್ಕೆ ಹೋಗುವವರು ಬೀಡಿ ಸೇದಿಕೊಂಡೇ ಹೋಗ್ತಿದ್ರು ಮಾರಾಯ್ರೆ. ವಾಸನೆ ತೊಳೆದ್ರೆ ಹೋಗ್ತದಾ? ಮನುಷ್ಯ ಅಂದ್ಮೇಲೆ ನಾರ್ತಾನೆ. ಗಾಳಿ ಎಲ್ಲಿಂದ ಬರ್ತದೆ ನೋಡಿ, ಅದಕ್ಕೆ ಎದುರಾಗಿ ಹೋಗಿ. ಅಷ್ಟೇ ಇರುವುದು. ಬಾಕಿ ಎಲ್ಲ ಸುಮ್ಮನೆ.”

“ಹಂದಿ ಬ್ಯಾರೆ, ಚಿಗರಿ ಬ್ಯಾರೆ,” ಎಂದ ಅಪ್ಪ. “ಇಲ್ಲಿ ಗಾಳಿ ಒಂದ ಕಡಿಂದ ಬರತದೇನು? ಗ್ವಾಡಿಗಿ ಬಡದು ತಿರುಗತದ. ಎದುರಿಗಿ ಹೋಗೀನಿ, ಅಡ್ಡ ಹೋಗೀನಿ. ಎಲ್ಲಾ ಆಯ್ತು.”

“ಹಾಗಾದ್ರೆ ನಿಮ್ಮ ವಾಸನೆ ಹೋಗ್ಲಿಲ್ಲ ಅಂತ ಆಯ್ತಲ್ಲ?”

“ಹೋಗ್ಯದ! ನೀವ ಮೂಸಿ ನೋಡ್ರಿ ಬೇಕಾದ್ರ!”

ಲಾರೆನ್ಸ್ ಅಂಕಲ್ ನಿಜವಾಗಿಯೂ ಬಗ್ಗಿ ಅಪ್ಪನ ಹೆಗಲು ಮೂಸಿದರು. ಏನೂ ಇಲ್ಲ ಎಂದು ತಲೆಯಾಡಿಸಿದರು. ನಾನೂ ಮೂಸಿದೆ. ಹಿಕ್ಕೆ, ಮರಳು, ಒಣಹುಲ್ಲು. ಅಪ್ಪನ ಬೆವರು, ಅಪ್ಪನ ಬೀಡಿ, ಅಪ್ಪನ ಕೊಬ್ಬರಿ ಎಣ್ಣೆ ಒಂದೂ ಇರಲಿಲ್ಲ. ಕಣ್ಣು ಮುಚ್ಚಿ ಮೂಸಿದ್ದಕ್ಕೆ ನನಗೆ ಅಳು ಬಂತು. ಯಾರೋ ಬೇರೆಯವರ ತೊಡೆಯ ಮೇಲೆ ಕೂತ ಹಾಗಾಗಿತ್ತು.

ಈಗ ನಾನು ಕೆಲಸ ಮಾಡುವ ರೀಮ್ ಐಲ್ಯಾಂಡಿನ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ಇದ್ದಾನೆ. ರಜೆಗೆ ಯುರೋಪಿನ ಕಡೆ ಹೋಗಿ ಜಿಂಕೆ ಬೇಟೆಯಾಡಿ ಬರುತ್ತಾನೆ. ವಾಸನೆಯಿಲ್ಲದ ಸೋಪು, ವಾಸನೆ ಕೊಲ್ಲುವ ಸ್ಪ್ರೇ, ಇದ್ದಿಲು ಹಾಕಿದ ಅಂಗಿ ಎಲ್ಲ ತರಿಸುತ್ತಾನೆ. ಇದೆಲ್ಲ ನಿಜವಾಗಿ ಕೆಲಸ ಮಾಡುತ್ತದೋ, ಗಾಳಿ ನೋಡಿದರೆ ಸಾಕೋ ಎಂದು ಊಟದ ಮೇಜಿನಲ್ಲಿ ಚರ್ಚೆ ಎತ್ತುತ್ತಾನೆ. ಅವನ ಮಟ್ಟಿಗೆ ಅದೊಂದು ಹವ್ಯಾಸದ ಪ್ರಶ್ನೆ, ತಪ್ಪಿದರೆ ಮುಂದಿನ ವರ್ಷ ಇದೆ. ಮುಂದಿನ ವರ್ಷ ಇಲ್ಲದವರ ಮನೆಯಲ್ಲಿ ನಾನು ಆ ಪ್ರಶ್ನೆಗೆ ಉತ್ತರ ನೋಡಿದ್ದೇನೆ. ಅವನಿಗೆ ಹೇಳಿಲ್ಲ. ಊಟದ ಮೇಜಿನಲ್ಲಿ ಹೇಳುವ ಮಾತಲ್ಲ.

ಅವತ್ತು ಗುರುವಾರ. ಲಾರೆನ್ಸ್ ಅಂಕಲ್ ಎದ್ದು ಹೋದ ಮೇಲೆ ನಾನು ಇನ್ನೂ ಬಿಕ್ಕುತ್ತಿದ್ದೆ. ಅವ್ವ ಕೇಳಿದಳು:

“ಯಾಕ ಅಳತಿ?”

“ಹಿ ಡಸಂಟ್ ಸ್ಮೆಲ್ ಲೈಕ್ ಅಪ್ಪ,” ಎಂದೆ.

ಅವ್ವ ನನ್ನನ್ನೇ ನೋಡಿದಳು. ಅವಳಿಗೆ ಇಂಗ್ಲಿಷ್ ಅಷ್ಟು ಬರುತ್ತಿರಲಿಲ್ಲ, ಆದರೆ ಇದು ತಿಳಿಯಿತು. ಮೊಣಕೈ ಊರಿ ಎದ್ದು ಕೂತಳು. ಅವಳ ಮುಖದಲ್ಲಿ ಏನೋ ಬಂತು, ಬಂದದ್ದನ್ನು ಅವಳು ಬೇಡ ಬೇಡ ಎನ್ನುವಂತೆ ತಲೆಯಾಡಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

“ನೋಡ್ರಿ, ನಿಮ್ಮಪ್ಪನ ಚಿಗರಿ ಕಾಡಾಗ ಹುಟ್ಟಿದ್ದು. ಮನಷ್ಯಾನ ವಾಸನಿ ಬಂದ್ರ ಓಡತಿತ್ತು. ಇದು ನನ್ನ ಒಲಿ ಮುಂದ ಬೆಳದದ್ದು. ಇದು ವಾಸನಿ ಬರತದಂತ ಓಡವಲ್ದು. ವಾಸನಿ ಬರವಲ್ದಂತ ಓಡತದ. ಯಾವನೋ ಗೊತ್ತಿಲ್ಲದವ ಬರ್ಲಿಕತ್ಯಾನಂತ ಓಡತದ.”

ಅಪ್ಪ ನೆಲದ ಮೇಲೆ ಕೂತಿದ್ದ. ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಅಷ್ಟೇ ಅಲ್ಲ, ಅದರ ಮುಂದಿನದೂ ಅರ್ಥವಾಯಿತು. ಅವನು ತಲೆ ಎತ್ತಲಿಲ್ಲ.

“ಟ್ರಂಕ್ ತೆಗಿ ರೇಣಿ,” ಎಂದಳು ಅವ್ವ.

“ಬ್ಯಾಡ. ನೀ ಏಳಬ್ಯಾಡ. ನಾ ಮತ್ತ ಒಂದ ಸಲ ಹೋಗಿ ನೋಡತೀನಿ,” ಎಂದ ಅಪ್ಪ.

“ಎಷ್ಟ ಸಲ ಹೋಗತೀರಿ? ನಾಳಿ ಶುಕ್ರವಾರ.” ಅವಳು ಹೊಟ್ಟೆಯ ಮೇಲೆ ಕೈಯಿಟ್ಟಿದ್ದಳು. “ಇದು ನಿನ್ನಿಯಿಂದ ಸುಮ್ಮನ ಅದ. ನನಗ ಎರಡ ಹೋಗ್ಯಾವ. ಮೂರನೇದು ಹೋಗಗೊಡಾಂಗಿಲ್ಲ ನಾ.”

ಮಧ್ಯಾಹ್ನದ ಗಾಳಿ ಎದ್ದಿತ್ತು. ಅಪ್ಪ ಸಣ್ಣ ಗ್ಯಾಸ್ ಒಲೆಯನ್ನು ಅಂಗಳಕ್ಕೆ ತಂದಿಟ್ಟ. ಅವ್ವನಿಗೆ ಕೂರಲು ಒಂದು ಕುರ್ಚಿ ಹಾಕಿದ. ತಾನು ಮೇವಿನ ಹೊರೆಗಳ ಹಿಂದೆ, ಬಾಗಿಲಿಗೆ ತೀರಾ ಹತ್ತಿರ, ರೈಫಲ್ ಹಿಡಿದು ಕೂತ. ನನ್ನನ್ನು ಒಳಗೆ ಹೋಗು ಎಂದರು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತೆ, ಡಬ್ಬಿಗಳನ್ನು ಕೈಗೆ ಕೊಡಲು ಯಾರಾದರೂ ಬೇಕಲ್ಲ. ಅವ್ವ ಬೆಳ್ಳುಳ್ಳಿಯ ವಾಸನೆ ಉಳಿದಿದ್ದ ತನ್ನ ಹಳೆಯ ಸೀರೆ ಉಟ್ಟಿದ್ದಳು, ಅದೊಂದನ್ನು ಅವಳು ಅಪ್ಪನಿಗೆ ಕಾಣದಂತೆ ದಿಂಬಿನ ಕವರಿನೊಳಗೆ ಮಡಿಚಿಟ್ಟಿದ್ದಳಂತೆ. ಎಣ್ಣೆ ಕಾಯಿತು. ಸಾಸಿವೆ ಹಾಕಿದಳು. ಎಷ್ಟೋ ದಿನದ ಮೇಲೆ ಆ ಚಟಪಟ ಕೇಳಿ ನನ್ನ ಬಾಯಲ್ಲಿ ನೀರೂರಿತು, ಆ ಹೊತ್ತಿನಲ್ಲೂ. ಬೆಳ್ಳುಳ್ಳಿ ಹಾಕಿದಳು, ಕರಿಬೇವು, ಇಂಗು, ಮುರಿದ ಒಣಮೆಣಸಿನಕಾಯಿ. ಗಾಳಿ ಅದನ್ನೆಲ್ಲ ಎತ್ತಿಕೊಂಡು ಮರಳಿನ ಕಡೆಗೆ ಹೋಯಿತು. ಒಂದು ಒಗ್ಗರಣೆ ಕಪ್ಪಾಯಿತು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಹಾಕಿದಳು. ಬರಬೇಡ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಮರುಗಳಿಗೆಗೆ, ದೇವರೇ ಬರಲಿ ಎಂದೂ ಬೇಡಿಕೊಳ್ಳುತ್ತಿದ್ದೆ.

ಅದು ಬಂತು. ದೂರದ ಗಾಫ್ ಮರದ ಹಿಂದಿನಿಂದ ಹೊರಟು, ನಿಂತು, ಮೂಗೆತ್ತಿ, ಮತ್ತೆ ನಡೆದು ಬಂತು. ಹತ್ತಿರವಾದಂತೆ ಹೆಜ್ಜೆ ಸಡಿಲವಾಯಿತು, ಕೊನೆಗೆ ಮರಿಯಾಗಿದ್ದಾಗಿನಂತೆ ಓಡಿತು. ಮೈ ಇಳಿದಿತ್ತು, ಒಂದು ಕಿವಿ ಹರಿದಿತ್ತು. ಅಪ್ಪ ಕೂತಲ್ಲಿಂದ ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಿಂದ ದಾಟಿತು, ಅವನ ಕಡೆ ಕಿವಿಯನ್ನೂ ತಿರುಗಿಸಲಿಲ್ಲ. ಅಜ್ಜನ ಮಡಿ ಸುಳ್ಳಾಗಿರಲಿಲ್ಲ. ಅದು ನೇರವಾಗಿ ಅವ್ವನ ಬಳಿ ಬಂದು, ಹೊಟ್ಟೆಗೆ ಮೂಗು ತಾಗಿಸಿ, ಸೆರಗಿನ ತುದಿಯನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು.

ಅವ್ವ ಅದರ ಕೊಂಬಿನ ನಡುವೆ ಕೈಯಾಡಿಸಿದಳು. ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಆಮೇಲೆ ಅದರ ಬಾಯಿಂದ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು, ಕುರ್ಚಿಯ ಕೈ ಹಿಡಿದು ಎದ್ದು, ಪಕ್ಕಕ್ಕೆ ಸರಿದಳು.

ಗುಂಡಿನ ಸದ್ದಿಗೆ ದೂರದ ಹಿಂಡೆಲ್ಲ ಎದ್ದು ಓಡಿತು. ಸಾಸ್ವಿ ಮಂಡಿಯೂರಿ ಮಲಗಿತು, ಒಲೆಯ ಪಕ್ಕ ಮಲಗುತ್ತಿದ್ದಂತೆಯೇ. ಅಪ್ಪ ರೈಫಲ್ ನೆಲಕ್ಕಿಟ್ಟು ಹಣೆಯನ್ನು ಮೇವಿನ ಹೊರೆಗೆ ಒತ್ತಿಕೊಂಡ. ಅವನ ಬಾಯಿಂದ ಬಂದ ಸದ್ದು ಅಳುವೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಅವ್ವನನ್ನು ದ್ವೇಷಿಸಿದೆ, ಅಪ್ಪನನ್ನೂ. ಹೊಟ್ಟೆಯಲ್ಲಿರುವುದನ್ನು ಎಲ್ಲರಿಗಿಂತ ಹೆಚ್ಚು ದ್ವೇಷಿಸಿದೆ. ಆಮೇಲೆ ಲಾರೆನ್ಸ್ ಅಂಕಲ್ ಇಬ್ಬರನ್ನು ಕರೆದುಕೊಂಡು ಬಂದು, ಯಾರ ಮುಖವನ್ನೂ ನೋಡದೆ, ಸಾಸ್ವಿಯನ್ನು ಒಂದು ಬಟ್ಟೆಯಲ್ಲಿ ಎತ್ತಿಸಿಕೊಂಡು ಹೋದರು. ಗಾಫ್ ಮರದ ಬುಡದಲ್ಲಿ ಹೂಳಿಸಿದರಂತೆ. ಮ್ಯಾನೇಜರ್ ಫೋನಿನಲ್ಲೇ ಖಲಾಸ್ ಎಂದು ಕೇಳಿದ, ಅಪ್ಪ ಖಲಾಸ್ ಎಂದ.

ಅಪ್ಪ ಸ್ನಾನಕ್ಕೆ ಹೋದ. ಬಾಗಿಲ ಸಂದಿಯಿಂದ ಸೋಪಿನ ವಾಸನೆ ಬಂತು, ಬಹಳ ಹೊತ್ತು ಬರುತ್ತಲೇ ಇತ್ತು. ಹೊರಗೆ ಬಂದವನು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಗೋಡೆಗೊರಗಿ ಕೂತ. ನಾನು ಹೋಗಿ ಅವನ ಹೆಗಲಿಗೆ ಮೂಗಿಟ್ಟೆ. ಅಪ್ಪನೇ ಇದ್ದ. ಸಿಟ್ಟು ಹೋಗಿರಲಿಲ್ಲ, ಆದರೂ ಮೂಗು ತೆಗೆಯಲು ಆಗಲಿಲ್ಲ.

ಅವ್ವ ಮಂಚಕ್ಕೆ ಮರಳಿದ್ದಳು. ಅಲ್ಲಿಂದಲೇ, ಅಂಗಳದಾಗ ಒಗ್ಗರಣಿ ಅದ, ಬ್ಯಾಳಿಗಿ ಹಾಕು, ಎಂದಳು. ಹಾಕಿದೆ. ಮೂರು ತಟ್ಟೆಗೆ ಅನ್ನ ಬಡಿಸಿ ಮೇಲೆ ಆ ಬೇಳೆ ಸುರಿದೆ. ಯಾರೂ ಕೈಯಿಡಲಿಲ್ಲ. ಮೊದಲು ಇಟ್ಟವಳು ಅವ್ವ. ತುತ್ತು ಕಲಸಿ, ಕಣ್ಣು ಮುಚ್ಚಿ, ಔಷಧಿ ನುಂಗುವಂತೆ ನುಂಗಿದಳು. ಎರಡನೆಯದನ್ನೂ ನುಂಗಿದಳು. ವಾಂತಿಯಾಗಲಿಲ್ಲ. ಅವಳು ತಿನ್ನುವುದನ್ನು ಕಂಡು ಅಪ್ಪ ತಿಂದ, ನಾನೂ ತಿಂದೆ. ಸಾಸಿವೆ ಹಲ್ಲಿಗೆ ಸಿಕ್ಕಿತು. ಇಷ್ಟು ವರ್ಷದಲ್ಲಿ ನಾನು ಎಲ್ಲೆಲ್ಲೋ ಉಂಡಿದ್ದೇನೆ, ಅಷ್ಟು ರುಚಿಯಾದ ಅನ್ನವನ್ನು ಉಂಡಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಡುವೆ ಅವ್ವನ ಕೈ ತಟ್ಟೆಯ ಮೇಲೆ ನಿಂತಿತು. ನನ್ನ ಎಂಜಲು ಕೈಯನ್ನೇ ಹಿಡಿದೆಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಈ ಸಲ ಸುಳ್ಳು ಹೇಳಬೇಕಾಗಲಿಲ್ಲ. ಒಳಗಿನಿಂದ ನನ್ನ ಅಂಗೈಗೆ ಒಂದು ಒದೆ ಬಿತ್ತು, ಹಿಂದೆಯೇ ಇನ್ನೊಂದು.

“ಒದೀತು,” ಎಂದೆ.

ಅವ್ವ ಆಗ ಅತ್ತಳು, ಬಾಯಲ್ಲಿ ತುತ್ತು ಇಟ್ಟುಕೊಂಡೇ. ನಾನೂ ಅಳುತ್ತಿದ್ದೆ. ಅಳುತ್ತಲೇ ತಟ್ಟೆ ಮುಂದೆ ಮಾಡಿ ಅಪ್ಪನಿಗೆ, ಇನ್ನೊಂದು ಸ್ವಲ್ಪ ಹಾಕು, ಎಂದೆ.